ಹಾಸಿಗೆ ಹಿಡಿದವರ ಶುಚಿತ್ವಕ್ಕೆ ಹೊತ್ತು ಮುಖ್ಯ

ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿರುವ ಹಿರಿಯರಿಗೆ ದಿನಕ್ಕೊಂದು ಸ್ನಾನವಾದರೆ ಶುಚಿತ್ವದ ಕೆಲಸ ಮುಗಿಯಿತೆಂದಲ್ಲ. ಆರೋಗ್ಯವಂತ ಚರ್ಮ ತುಸು ಆಮ್ಲೀಯ. ರೋಗಾಣುಗಳನ್ನು ತಡೆಯುವುದು ಆ ಗುಣವೇ. ಒದ್ದೆ ಡೈಪರನ್ನು ಬದಲಾಯಿಸದೆ ಬಿಟ್ಟರೆ ಮೂತ್ರದ ಯೂರಿಯಾ ಅಮೋನಿಯಾ ಆಗಿ ಆ ಕಾವಲನ್ನು ಕಳೆಯುತ್ತದೆ. ಮಲವೂ ಸೇರಿದರೆ ಅದರ ಕಿಣ್ವಗಳು ಚರ್ಮವನ್ನೇ ಕೊರೆಯುತ್ತವೆ. ಹೀಗೆ ನೆನೆದು ಮೆತ್ತಗಾದ ಚರ್ಮದ ಮೇಲೆ ಮೈಭಾರ ಬಿದ್ದರೆ ಬೆನ್ನಿನ ಬುಡದಲ್ಲಿ ಬೆಡ್ ಸೋರ್ ಏಳಲು ತಡವಾಗದು.

ಕರೆದಾಗ ಯಾರೂ ಬಾರದಿದ್ದರೆ ಇನ್ನೊಂದು ಅಪಾಯವಿದೆ, ಅದು ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಒದ್ದೆಯಾದೀತೆಂಬ ನಾಚಿಕೆಗೆ, ಆಯಾಗೆ ಮತ್ತೆ ಮತ್ತೆ ಹೇಳುವ ಸಂಕೋಚಕ್ಕೆ ಅಜ್ಜ ಅಜ್ಜಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೈಯಲ್ಲಿ ನೀರಿನಂಶ ಇಳಿಯುತ್ತದೆ, ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. ಇಳಿವಯಸ್ಸಿನಲ್ಲಿ ಈ ಸೋಂಕು ಜ್ವರಕ್ಕಿಂತ ಮೊದಲು ಮನಸ್ಸಿನ ಗಲಿಬಿಲಿಯಾಗಿ ಕಾಣಿಸಿಕೊಳ್ಳಬಹುದು. ಮನೆಯವರು ಅದನ್ನು ಮರೆವೆಂದು ತಿಳಿಯುತ್ತಾರೆ. ಎದ್ದ ಕೂಡಲೇ, ಊಟ ತಿಂಡಿಯ ನಂತರ, ಮಲಗುವ ಮುನ್ನ ಕೇಳದಿದ್ದರೂ ಶೌಚಕ್ಕೆ ಕರೆದೊಯ್ಯುವುದು ಅಥವಾ ಬೆಡ್‌ಪ್ಯಾನ್ ಕೊಡುವುದು ಈ ಕಷ್ಟವನ್ನು ಬಹಳಷ್ಟು ತಗ್ಗಿಸುತ್ತದೆ.

ಹೊತ್ತಿನ ವಿಷಯದಲ್ಲಿ ರೂಢಿಗೂ ಬೆಲೆಯಿದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಬಾಳಿದ ಎಷ್ಟೋ ಹಿರಿಯರಿಗೆ ಸ್ನಾನ, ಪೂಜೆ ಆದಮೇಲೆಯೇ ತಿಂಡಿ. ಅಂಥವರಿಗೆ ಮಧ್ಯಾಹ್ನ ಸ್ಪಾಂಜ್ ಬಾತ್ ಮಾಡಿಸಿದರೆ ಮೈ ಶುಚಿಯಾದರೂ ಮನಸ್ಸಿಗೆ ಸಮಾಧಾನವಿಲ್ಲ. ಸೇರಿಸಿಕೊಳ್ಳುವ ದಿನವೇ ಈ ರೂಢಿಯನ್ನು ಕೇಳಿ ಬರೆದಿಡಬೇಕು.

ಶೌಚದ ನಂತರ ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಯಾರಿಗೇ ಆಗಲಿ ಉಜ್ಜದೆ, ಒತ್ತಿ ಒಣಗಿಸಿ ಕ್ರೀಮ್ ಹಚ್ಚಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದೆಯೆಂದು ಇದನ್ನು ಬಿಡುವಂತಿಲ್ಲ. ಮುಟ್ಟುವ ಮೊದಲು ಹೇಳುವುದು, ಪರದೆ ಎಳೆಯುವುದು ಆರೈಕೆಯದೇ ಭಾಗ.

ಬಾಯಿಯ ಶುಚಿತ್ವ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವಂಥದ್ದು. ಜಪಾನಿನ 11 ಆರೈಕೆ ಕೇಂದ್ರಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟದ ನಂತರ ಹಲ್ಲುಜ್ಜಿಸಿಕೊಂಡವರಲ್ಲಿ ನ್ಯುಮೋನಿಯಾ ಶೇ. 11ರಷ್ಟಿತ್ತು, ಉಳಿದವರಲ್ಲಿ ಶೇ. 19. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತೊಳೆದಿಡಬೇಕು.

ಆಶ್ರಮ ನೋಡಲು ಹೋದವರು ಊಟದ ಕೋಣೆಯಷ್ಟೇ ನೋಡಿ ಬರಬಾರದು. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿಗೆ ಒಬ್ಬರು ಆಯಾ ಎಂದು ಕೇಳಬೇಕು. ಉಪೇಕ್ಷೆ ಕಂಡುಬಂದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.