ನಿಮಗಿದು ಗೊತ್ತೇ? ಆಟದ ಹೆಸರಿನ ಮುಂದೆ ಒಂದೇ ಪದ

ಯಸಳೂರಿನ ಕಡೆ ಮಳೆ ಹಿಡಿಯಿತೆಂದರೆ ಕರೆಂಟನ್ನೂ ನಂಬುವಂತಿಲ್ಲ, ನೆಟ್‌ವರ್ಕನ್ನೂ ನಂಬುವಂತಿಲ್ಲ. ಅಂಥ ಕಡೆಗೆ ಹೇಳಿ ಮಾಡಿಸಿದಂತಿರುವುದು ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಪುಟ್ಟ ಆಟಗಳು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ಆಟದ ಹೆಸರಿನ ಮುಂದೆ ಒಂದು ಪದ ಸೇರಿಸಿದರೆ ಆಟ ನಮಗೆ ಬೇಕಾದ ಹಾಗೆ ಬದಲಾಗುತ್ತದೆ. ಆ ಪದಕ್ಕೆ ‘ಆಪ್ಷನ್’ ಎನ್ನುತ್ತಾರೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ನಿಮಗಿದು ಗೊತ್ತೇ?

● ಹೆಚ್ಚಿನ ಆಟಗಳ ಹೆಸರಿನ ಮುಂದೆ ‘--ಹೆಲ್ಪ್’ ಎಂದು ಹಾಕಿದರೆ ಅದರ ಆಪ್ಷನ್‌ಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಪೂರ್ತಿ ಪದವಾದರೆ ಎರಡು ಅಡ್ಡಗೆರೆ, ಒಂದೇ ಅಕ್ಷರವಾದರೆ ಒಂದು ಅಡ್ಡಗೆರೆ. ಸಾಮಾನ್ಯ ರೂಢಿ ಇದು.

● ಲಿನಕ್ಸ್‌ನ ‘ಮ್ಯಾನ್’ ಕೈಪಿಡಿಯಲ್ಲಿ 6ನೆಯ ವಿಭಾಗ ಆಟಗಳಿಗೇ ಮೀಸಲು.

● ಮಕ್ಕಳ ಚಿತ್ರಕಲೆಯ ‘ಟಕ್ಸ್ ಪೇಂಟ್’ 2002ರಲ್ಲಿ ಶುರುವಾಯಿತು. ‘ಟಕ್ಸ್‌ಪೇಂಟ್ --ಲ್ಯಾಂಗ್ ಕನ್ನಡ’ ಎಂದರೆ ಅದು ಕನ್ನಡದಲ್ಲೇ ತೆರೆಯುತ್ತದೆ. ‘--ಪ್ರಿಂಟ್‌ಡಿಲೇ=60’ ಸೇರಿಸಿದರೆ ಒಂದು ಪ್ರಿಂಟ್ ಆದ ಮೇಲೆ 60 ಸೆಕೆಂಡು ಕಳೆಯುವವರೆಗೆ ಇನ್ನೊಂದು ಆಗದು; ಶಾಲೆಯ ಇಂಕು, ಕಾಗದ ಎರಡೂ ಉಳಿಯುತ್ತವೆ.

● ‘ಟಕ್ಸ್ ಮ್ಯಾತ್’ನಲ್ಲಿ ಲೆಕ್ಕಗಳು ಮೇಲಿನಿಂದ ಬೀಳುತ್ತವೆ, ಉತ್ತರ ಕೊಟ್ಟು ತಡೆಯಬೇಕು. ‘--ಸ್ಪೀಡ್ 0.5’ ಎಂದರೆ ಶುರುವಿನ ವೇಗ ಅರ್ಧಕ್ಕಿಳಿಯುತ್ತದೆ. ‘--ಆನ್ಸರ್ಸ್‌ಫಸ್ಟ್’ ಎಂದರೆ ‘3 + 4 = ?’ ಬದಲು ‘? + 4 = 7’ ಎಂದು ಕೇಳುತ್ತದೆ. ಬೀಜಗಣಿತದ ಮೊದಲ ಮೆಟ್ಟಿಲು ಅದೇ.

● ಗುಳ್ಳೆ ಹೊಡೆಯುವ ‘ಫ್ರೋಜನ್ ಬಬಲ್’ಗೆ ‘-ಸಿಬಿ’ ಎಂಬ ಆಪ್ಷನ್ ಇದೆ. ಬಣ್ಣಗುರುಡು ಇರುವವರಿಗೂ ಗುರುತು ಸಿಗುವಂಥ ಗುಳ್ಳೆಗಳನ್ನು ಅದು ತರುತ್ತದೆ. ‘-ಎಸ್‌ಎಲ್’ ಎಂದರೆ ಕೆಲವು ಅನಿಮೇಷನ್‌ಗಳು ನಿಂತು, ಹಳೆಯ ಕಂಪ್ಯೂಟರಿನ ಹೊರೆ ಇಳಿಯುತ್ತದೆ.

● ಕರೆಂಟ್ ಹೋಗುವ ಮೊದಲೇ ಸುಡೊಕು ಅಚ್ಚು ಹಾಕಿಟ್ಟುಕೊಳ್ಳಬಹುದು. ಸೈಮನ್ ಟ್ಯಾಥಮ್ 2004ರಲ್ಲಿ ಆರಂಭಿಸಿದ ಒಗಟುಗಳ ಸಂಗ್ರಹದಲ್ಲಿ ಸುಡೊಕುವಿನ ಹೆಸರು ‘ಸೋಲೊ’. ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ಬಗೆಗಳಲ್ಲಿ ‘ಎಸ್‌ಜಿಟಿ-ಸೋಲೊ --ಜನರೇಟ್ 12 --ಪ್ರಿಂಟ್ 2ಎಕ್ಸ್3 --ವಿತ್-ಸಲ್ಯೂಷನ್ಸ್ 3ಎಕ್ಸ್3 | ಎಲ್‌ಪಿಆರ್’ ಎಂದು ಕೊಡಿ. ಪುಟಕ್ಕೆ ಆರರಂತೆ 12 ಹೊಸ ಸುಡೊಕುಗಳು ಪ್ರಿಂಟರಿಗೆ ಹೋಗುತ್ತವೆ, ಹಿಂದೆಯೇ ಉತ್ತರದ ಹಾಳೆಗಳೂ ಬರುತ್ತವೆ. ಚಿಕ್ಕ ಮಕ್ಕಳಿಗಾದರೆ ಕೊನೆಯ ‘3ಎಕ್ಸ್3’ ಇದ್ದಲ್ಲಿ ‘2ಎಕ್ಸ್2’ ಹಾಕಿ. ಸಾಲಿಗೆ ನಾಲ್ಕೇ ಮನೆ ಇರುತ್ತವೆ. ಮಳೆಗೆ ರಜೆ ಕೊಟ್ಟ ದಿನ ಮನೆಯಲ್ಲಿ ಕೂತು ಬಿಡಿಸಲು ಪೆನ್ಸಿಲ್ ಒಂದಿದ್ದರೆ ಸಾಕು.

● ಅದೇ ಸೋಲೊಗೆ ‘3ಎಕ್ಸ್3#ಯಸಳೂರು’ ಎಂದು ಕೊಟ್ಟು ನೋಡಿ. ಒಂದೇ ಆವೃತ್ತಿ ಇಟ್ಟುಕೊಂಡು, # ಗುರುತಿನ ಮುಂದೆ ಅದೇ ಪದವನ್ನು ಟೈಪ್ ಮಾಡಿದವರಿಗೆಲ್ಲ ಒಂದೇ ಸುಡೊಕು ಬರುತ್ತದೆ. ಇಲ್ಲಿರುವ ತಂಗಿ, ಬೆಂಗಳೂರಿನಲ್ಲಿರುವ ಅಣ್ಣ ಇಂಟರ್ನೆಟ್ ಇಲ್ಲದೆಯೇ ಪಂದ್ಯ ಕಟ್ಟಬಹುದು.

● ಚದುರಂಗದ ‘ಎಕ್ಸ್‌ಬೋರ್ಡ್’ಗೆ ‘-ಎನ್‌ಸಿಪಿ’ ಎಂದರೆ ಕಂಪ್ಯೂಟರ್ ಆಡುವುದಿಲ್ಲ. ಇಬ್ಬರು ಎದುರುಬದುರು ಕೂತು ಆಡುವ ಮಣೆಯಾಗುತ್ತದೆ. ‘-ವೇರಿಯಂಟ್ ಶತ್ರಂಜ್’ ಎಂದರೆ ನಮ್ಮ ಚತುರಂಗದಿಂದ ಹುಟ್ಟಿ ಪರ್ಷಿಯಾ, ಅರಬ್ ನಾಡುಗಳಲ್ಲಿ ಬೆಳೆದ ಹಳೆಯ ಆಟ ಬರುತ್ತದೆ. ನಾವು ಮೂಲೆಯಲ್ಲಿ ಇಡುವ ಆನೆ ಅಲ್ಲಿ ಒಂಟೆಯ ಮನೆಯಲ್ಲಿ ನಿಂತು, ಓರೆಯಾಗಿ ಸರಿಯಾಗಿ ಎರಡು ಮನೆ ಜಿಗಿಯುತ್ತದೆ. ಕುದುರೆಯ ನಡೆಯಿಂದ ಮಣೆಯ 64 ಮನೆಗಳನ್ನೂ ಸುತ್ತಿಸುವ ಒಗಟುಗಳನ್ನು ಬಿಡಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಳಿದ ನಾಡು ನಮ್ಮದು. ಈ ಹಳೆಯ ನಡೆಯನ್ನು ನಮ್ಮ ಮಕ್ಕಳು ಒಮ್ಮೆಯಾದರೂ ಆಡಿ ನೋಡಬೇಕು.

● ‘ಇನ್ನೈದೇ ನಿಮಿಷ’ ಎನ್ನುವ ಮಕ್ಕಳಿಗೂ ಒಂದು ಆಜ್ಞೆ ಇದೆ. ‘ಟೈಮೌಟ್ 30ಎಮ್ ಫ್ರೋಜನ್-ಬಬಲ್’ ಎಂದು ಶುರು ಮಾಡಿಕೊಟ್ಟರೆ 30 ನಿಮಿಷಕ್ಕೆ ಆಟ ತಾನೇ ಮುಚ್ಚಿಕೊಳ್ಳುತ್ತದೆ.

ಹಳೆಯದಾಯಿತೆಂದು ಅಟ್ಟ ಹತ್ತಿಸಿದ ಕಂಪ್ಯೂಟರ್ ನಿಮ್ಮ ಮನೆಯಲ್ಲೂ ಇದ್ದೀತು. ಗುಜರಿಗೆ ಹಾಕುವ ಮೊದಲು ಅದಕ್ಕೆ ಲಿನಕ್ಸ್ ಹಾಕಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಆಟದ ಹೆಸರು, ಅದರ ಮುಂದೆ ‘--ಹೆಲ್ಪ್’ ಎಂದು ಅವರ ಕೈಯಲ್ಲೇ ಟೈಪ್ ಮಾಡಿಸಿ. ಕಂಪ್ಯೂಟರಿಗೆ ಆಜ್ಞೆ ಕೊಡುವ ಮೊದಲ ಪಾಠ ಅಲ್ಲಿಗೇ ಆಗಿಹೋಗುತ್ತದೆ.