ಕೆಂಪು ದೀಪ ಕಂಡಾಗ: ಮನೆಯ ಇಂಟರ್‌ನೆಟ್ ಲೈನಿನ ಬಗ್ಗೆ ನಾಲ್ಕು ಮಾತು

ಮಳೆಗಾಲ ಹಿಡಿಯಿತೆಂದರೆ ಸಂಘದ ಕಚೇರಿಯಲ್ಲಿ ಮೈಲುತುತ್ತದ ದರ ವಿಚಾರಿಸುವವರಷ್ಟೇ ಮಂದಿ "ನೆಟ್ ಹೋಗಿ ಎಂಟು ದಿನವಾಯಿತು, ಯಾರಿಗೆ ಹೇಳುವುದು?" ಎಂದು ಕೇಳುವವರೂ ಇರುತ್ತಾರೆ. ಟವರಿನ ಸಿಗ್ನಲ್ ಇಳಿಯದ ನಮ್ಮ ಕಣಿವೆಗಳಲ್ಲಿ ಎಷ್ಟೋ ಮನೆಗಳಿಗೆ ವೈಫೈ ಮೇಲೆ ಮಾಡುವ ಕರೆಯೇ ಏಕೈಕ ಫೋನು. ಬ್ಯಾಂಕಿನ ಓಟಿಪಿ ಬರುವುದೂ ಅದರಲ್ಲೇ. ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ವಯಸ್ಸಾದ ದಂಪತಿಗಳಿಬ್ಬರೇ ಉಳಿದಿರುವ ಕಡೆ ರಾತ್ರಿ ಎದೆನೋವು ಬಂದರೆ ಜೀಪಿನವನಿಗೆ ತಿಳಿಸಲು ಬೇರೆ ದಾರಿಯಿಲ್ಲ. ಆದ್ದರಿಂದ ಈ ವಿಷಯವನ್ನು ಪತ್ರಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುವುದು ಅಗತ್ಯವೆಂದು ನಮಗೆ ತೋರಿತು.

ಲೈನ್‌ಮನ್ ಮಳೆಯಲ್ಲಿ ಹತ್ತು ಮೈಲಿ ಬೈಕು ಓಡಿಸಿ ಬಂದು ನೋಡಿದರೆ ಅಡಾಪ್ಟರಿನ ಪಿನ್ನು ಸಡಿಲವಾಗಿರುತ್ತದೆ. ಅಂದು ನಿಜವಾಗಿಯೂ ಲೈನು ತುಂಡಾದ ಇನ್ನೊಂದು ಮನೆಯವರು ಮತ್ತೊಂದು ದಿನ ಕಾಯಬೇಕು. ಹಾಗಾಗಿ ದೂರು ಕೊಡುವ ಮೊದಲು ದೋಷ ಮನೆಯ ಹೊರಗೋ, ಪೆಟ್ಟಿಗೆಯಲ್ಲೋ, ಪೆಟ್ಟಿಗೆಯಿಂದ ಮೊಬೈಲಿನವರೆಗೋ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಪೆಟ್ಟಿಗೆಯ ಮುಂದಿನ ದೀಪಗಳನ್ನು ಓದಲು ಬಂದರೆ ಸಾಕು.

ಈಗ ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಬಂದಿರುವುದು ಫೈಬರ್ ಲೈನು. ಒಳಗಿನ ಗಾಜಿನ ಎಳೆಯ ದಪ್ಪ 0.125 ಮಿಲಿಮೀಟರ್. ಅದರೊಳಗೆ ಕಣ್ಣಿಗೆ ಕಾಣದ ಬೆಳಕು ಹರಿಯುತ್ತದೆ. ಪೆಟ್ಟಿಗೆಯಲ್ಲಿ 'ಎಲ್‌ಓಎಸ್' ಎಂದು ಬರೆದ ದೀಪ ಕೆಂಪಾಗಿ ಮಿಣುಕಿದರೆ ಆ ಬೆಳಕು ನಿಮ್ಮ ಮನೆ ಮುಟ್ಟುತ್ತಿಲ್ಲ ಎಂದು ಅರ್ಥ. ಆಗ ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ಪಕ್ಕದ ಮನೆಯವರನ್ನು ವಿಚಾರಿಸಿ. ಒಂದೇ ಕಡೆಯಿಂದ ಕವಲೊಡೆದ ಐದಾರು ಮನೆಗಳಲ್ಲೂ ಕೆಂಪು ದೀಪವಿದ್ದರೆ ತುಂಡಾಗಿರುವುದು ಮೇಲಿನ ಮುಖ್ಯ ಲೈನು. ನಿಮ್ಮದೊಂದೇ ಆದರೆ ಕಂಬದಿಂದ ಮನೆಗೆ ಬರುವ ತಂತಿಯ ಉದ್ದಕ್ಕೂ ಒಮ್ಮೆ ನಡೆದು ನೋಡಿ. ಗಾಳಿಗೆ ಬಿದ್ದ ಕೊಂಬೆ, ಅಟ್ಟದ ಇಲಿ, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ತಂತಿ, ಇವೇ ಸಾಮಾನ್ಯ ಕಾರಣಗಳು. ತಂತಿ ವಿದ್ಯುತ್ ಲೈನಿನ ಮೇಲೋ ಅದರ ಹತ್ತಿರವೋ ಬಿದ್ದಿದ್ದರೆ ಮಾತ್ರ ಕೈ ಹಾಕಲೇಬೇಡಿ.

ಇನ್ನೊಂದು ಕಾರಣವನ್ನು ಹೇಳಲೇಬೇಕು, ಮರಗಸಿ. ಸಿಲ್ವರ್ ಮರದ ರೆಂಬೆ ಸವರುವ ಆಳಿಗೆ ಕೆಳಗಿನ ಕಪ್ಪು ದಾರ ಏನೆಂದು ನಾವು ಹೇಳಿರುವುದಿಲ್ಲ. ಒಂದು ರೆಂಬೆ ಬಿದ್ದರೆ ಕೆಳಗಿನ ಕೇರಿಗೆಲ್ಲ ನೆಟ್ಟಿಲ್ಲ, ಬೈಗುಳ ಮಾತ್ರ ಕಂಪನಿಗೆ! ಲೈನು ಹಾದುಹೋಗುವ ಮರಗಳಿಗೆ ಬಣ್ಣದ ಬಟ್ಟೆಯೊಂದನ್ನು ಕಟ್ಟಿದರೆ ಇದು ತಪ್ಪುತ್ತದೆ.

ತಂತಿ ತುಂಡಾಗದೆಯೂ ಕೆಡಬಹುದು. ಹೆಚ್ಚಾದ ತಂತಿಯನ್ನು ಮೊಳೆಗೆ ಬಿಗಿಯಾಗಿ ಸುತ್ತಿ ಕಟ್ಟಿದರೆ ಬಾಗಿದ ಕಡೆ ಬೆಳಕು ಸೋರಿಹೋಗುತ್ತದೆ. ಕಾಫಿ ಲೋಟದ ಬಾಯಿಗಿಂತ ಚಿಕ್ಕದಾಗಿ ಸುತ್ತಬಾರದು. ಲೈನ್‌ಮನ್ ಬಂದಾಗ ಅವನ ಮೀಟರಿನಲ್ಲಿ ಬೆಳಕು ಎಷ್ಟಿದೆ ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಹೋಗಿದ್ದರೆ ಇಂದು ಕೆಲಸ ಮಾಡಿದರೂ ನಾಳೆಯ ಭರವಸೆ ಇಲ್ಲ. ಈ ಲೆಕ್ಕದಲ್ಲಿ ಮೂರು ಇಳಿದರೆ ಬೆಳಕು ಅರ್ಧವಾದಂತೆ. ತಂತಿಯ ತುದಿಯನ್ನು ಬಿಚ್ಚಿ ಬೆರಳಿನಿಂದ ಒರೆಸುವುದಾಗಲಿ, ಕಣ್ಣಿನ ಮುಂದೆ ಹಿಡಿದು ನೋಡುವುದಾಗಲಿ ಕೂಡದು. ಬೆರಳಿನ ಜಿಡ್ಡೂ ಬೆಳಕನ್ನು ತಡೆಯುತ್ತದೆ. ಕಾಣದ ಬೆಳಕಾದರೂ ಅದು ಲೇಸರ್.

ಕೆಂಪು ದೀಪವಿಲ್ಲ, 'ಪಾನ್' ದೀಪ ಹಸಿರಾಗಿ ನಿಂತಿದೆ, ಆದರೂ ನೆಟ್ಟಿಲ್ಲ ಎಂದಾದರೆ ಗಾಜಿನ ಲೈನು ಸರಿಯಿದೆ. ಹಣ ಕಟ್ಟಿದ ಅವಧಿ ಮುಗಿದಿದೆಯೇ ನೋಡಿ. ಒಮ್ಮೆ ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಹಚ್ಚಿ. ಹಿಂಭಾಗದ ಸಣ್ಣ ತೂತಿಗೆ ಪಿನ್ನು ಚುಚ್ಚುವ ಬುದ್ಧಿವಂತಿಕೆ ಮಾತ್ರ ಬೇಡ. ಕಂಪನಿಯವರು ತುಂಬಿಸಿಟ್ಟ ವಿವರಗಳೆಲ್ಲ ಅಳಿಸಿಹೋಗಿ, ಐದು ನಿಮಿಷದ ತೊಂದರೆ ಐದು ದಿನದ್ದಾಗುತ್ತದೆ.

ಯಾವ ದೀಪವೂ ಇಲ್ಲದಿದ್ದರೆ, ಅಥವಾ ಪೆಟ್ಟಿಗೆ ತಾನಾಗಿಯೇ ಆರಿ ಹತ್ತುತ್ತಿದ್ದರೆ, ಅಡಾಪ್ಟರಿನ ಮೇಲೆ ಅನುಮಾನ ಪಡಿ. ನಮ್ಮ ವೋಲ್ಟೇಜಿನ ಏರಿಳಿತಕ್ಕೆ ಮೊದಲು ಸಾಯುವುದು ಅದೇ. ಹೆಚ್ಚಿನ ಪೆಟ್ಟಿಗೆಗಳಿಗೆ ಬೇಕಾದ್ದು 12 ವೋಲ್ಟ್. ಹಳೆಯದರ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ ಅಂಥದೇ ಒಂದನ್ನು ತಂದಿಟ್ಟುಕೊಳ್ಳುವುದು ಲೇಸು. ಗಾಜು ವಿದ್ಯುತ್ ಒಯ್ಯುವುದಿಲ್ಲವಾದರೂ ಕರೆಂಟಿನ ಕಡೆಯಿಂದ ಸಿಡಿಲಿನ ಹೊಡೆತ ಬರುತ್ತದೆ. ಗುಡುಗು ಕೇಳುವಾಗಲೇ ಪ್ಲಗ್ ಕೀಳುವ ಅಭ್ಯಾಸ ಒಳ್ಳೆಯದು.

ವೇಗ ಸಾಲದೆಂಬ ದೂರಿನಲ್ಲಿ ಅರ್ಧ ಲೆಕ್ಕದ ಗೊಂದಲ. 40 ಎಂಬಿಪಿಎಸ್ ಎಂದರೆ ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಐದು ಮೆಗಾಬೈಟ್. (ಸರ್ಕಾರದ 2004ರ ನೀತಿಯಲ್ಲಿ 256 ಕಿಲೋಬಿಟ್ ಸಿಕ್ಕರೆ ಅದೇ ಬ್ರಾಡ್‌ಬ್ಯಾಂಡ್!) ಇನ್ನರ್ಧ ಗೋಡೆಯ ತೊಂದರೆ. ಎರಡಡಿ ದಪ್ಪದ ಮಣ್ಣಿನ ಗೋಡೆಗಳಾಚೆ ಅಡುಗೆಮನೆಗೆ 5 ಗಿಗಾಹರ್ಟ್ಸ್ ವೈಫೈ ತಲುಪುವುದು ಕಷ್ಟ. 2.4 ಹೆಚ್ಚು ದೂರ ಹೋಗುತ್ತದೆ, ವೇಗ ಕಡಿಮೆ. ಪೆಟ್ಟಿಗೆ ಕಬ್ಬಿಣದ ಬೀರುವಿನೊಳಗಲ್ಲ, ಜಗಲಿಯ ನಡುವೆ ಎತ್ತರದಲ್ಲಿರಲಿ. ಕಣದ ಗೋದಾಮಿಗೂ ನೆಟ್ ಬೇಕೆಂಬವರು ತಾಮ್ರದ ತಂತಿಯನ್ನು ಅಂಗಳದ ಮೇಲೆ ಎಳೆದರೆ ಸಿಡಿಲನ್ನು ಮನೆಗೆ ಕರೆದಂತೆ. ಅಲ್ಲಿಗೂ ಫೈಬರನ್ನೇ ಎಳೆಸಿ.

ದೂರು ಕೊಡುವಾಗ "ನೆಟ್ ಇಲ್ಲ" ಎನ್ನುವ ಬದಲು "ಎಲ್‌ಓಎಸ್ ಕೆಂಪು, ಪಕ್ಕದ ಮೂರು ಮನೆಗಳಲ್ಲೂ ಹಾಗೇ" ಎಂದರೆ ಲೈನ್‌ಮನ್ ಏಣಿ, ಜೋಡಿಸುವ ಯಂತ್ರದ ಸಮೇತ ಬರುತ್ತಾನೆ. ಲೈನ್‌ಮನ್ನನಿಗೆ ಹೇಳಿದ್ದೇ ದೂರು ಎಂದು ತಿಳಿಯಬೇಡಿ. ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ದೂರಿನ ನಂಬರನ್ನು ಪಡೆಯಿರಿ. 2012ರ ನಿಯಮಗಳಂತೆ ಅದನ್ನು ಕೊಡುವುದು ಅವರ ಕರ್ತವ್ಯ. ಪರಿಹಾರ ಸಿಗದಿದ್ದರೆ ಕಂಪನಿಯಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕವಿಲ್ಲ. ಅರ್ಜಿ ಬರೆಯಲು ತೊಡಕಾದ ಸದಸ್ಯರು ದೂರಿನ ನಂಬರು ಮತ್ತು ತಾರೀಕುಗಳೊಂದಿಗೆ ಸಂತೆಯ ದಿನ ಕಚೇರಿಗೆ ಬಂದರೆ ನಾವು ಬರೆದುಕೊಡುತ್ತೇವೆ.