ಕರುಳು ಚುರ್ ಅನ್ನೋ ದೇವರು

(ಎಪಿಸೋಡ್‌ನ ಬರಹ ರೂಪ)

ಹುಬ್ಬಳ್ಳಿಯಿಂದ ಮಾತಾಡ್ತಿದ್ದೀನಿ. ಚಿಗರಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಧಾರವಾಡಕ್ಕೆ ಹೊರಟಿದ್ರೆ, ನೀವು ಇಳಿಯೋದ್ರೊಳಗೆ ಇದು ಮುಗೀತದೆ. ಕೇಳುಗರೊಬ್ಬರ ಪ್ರಶ್ನೆ ಇದು: "ಯೇಸುವಿಗೆ ನಮ್ಮ ನೋವು ಗೊತ್ತು ಅಂತ ಕ್ರೈಸ್ತರು ಹೇಳ್ತಾರಲ್ಲ, ದೇವರು ಅಂದಮೇಲೆ ಎಲ್ಲಾ ಗೊತ್ತಿರಬೇಕಲ್ರೀ. ಅದ್ರಾಗ ವಿಶೇಷ ಏನದ?"

ವಿಶೇಷ ಇದೆ. ಗೊತ್ತಿರೋದು ಬೇರೆ, ಅನುಭವಿಸಿರೋದು ಬೇರೆ. ನಾನು ಬಿ.ಕಾಂ ಓದಿದಾಕಿ. ಸಾಲದ ಬಡ್ಡಿ ಲೆಕ್ಕ ಹಾಕೋದು ನನಗೆ ಕಾಲೇಜು ಕಲಿಸಿತು. ಸಾಲ ಕೊಟ್ಟಾಂವ ಬಾಗಿಲಿಗೆ ಬಂದು ನಿಂತಾಗ ಹೊಟ್ಟೆಯೊಳಗೆ ಏನಾಗ್ತದೆ ಅನ್ನೋದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಯೇಸುವಿಗೆ ಈ ಎರಡನೆಯದೂ ಗೊತ್ತು ಅನ್ನೋದು ಕ್ರೈಸ್ತರ ನಂಬಿಕೆ.

ಹೊಟ್ಟೆ ಅಂದೆನಲ್ಲ, ಅದು ಬರೀ ಮಾತಿಗೆ ಅಂದಿದ್ದಲ್ಲ. ಸುವಾರ್ತೆಗಳು ಮೊದಲು ಬರೆಯಲ್ಪಟ್ಟಿದ್ದು ಗ್ರೀಕ್ ಭಾಷೆಯಲ್ಲಿ. ಜನರ ಕಷ್ಟ ಕಂಡಾಗ ಯೇಸುವಿಗೆ ಆದದ್ದನ್ನು ಹೇಳೋಕೆ ಅಲ್ಲಿ 'ಸ್ಪ್ಲಾಂಖ್ನಿಜೊಮಾಯ್' ಅನ್ನೋ ಕ್ರಿಯಾಪದ ಬರ್ತದೆ. ಬಾಯಿ ತಿರುಗೋದಿಲ್ಲ, ಇರ್ಲಿ ಬಿಡ್ರಿ. ಅದರ ಮೂಲದಲ್ಲಿರೋದು ಕರುಳು, ಹೊಟ್ಟೆಯೊಳಗಿನ ಅಂಗಗಳು. ಕನ್ನಡ ಬೈಬಲ್ ಇಂಥ ಕಡೆ ಸಾಮಾನ್ಯವಾಗಿ 'ಕನಿಕರಪಟ್ಟು' ಅನ್ನುತ್ತದೆ. ಒಳ್ಳೆ ಮಾತೇ, ಆದರೆ ಸ್ವಲ್ಪ ಇಸ್ತ್ರಿ ಹಾಕಿದ ಮಾತು. ನಮ್ಮ ಅವ್ವಂದಿರು "ಕರುಳು ಚುರ್ ಅಂತು" ಅಂತಾರಲ್ಲ, ನನ್ನ ಪ್ರಕಾರ ಅದೇ ಗ್ರೀಕ್ ಪದಕ್ಕೆ ಹತ್ತಿರ.

ಲೂಕನ ಸುವಾರ್ತೆಯ ಏಳನೇ ಅಧ್ಯಾಯ ನೋಡ್ರಿ. ನಾಯಿನ್ ಅನ್ನೋ ಊರಿನ ಬಾಗಿಲಲ್ಲಿ ಒಂದು ಹೆಣ ಎದುರಾಗ್ತದೆ. ಸತ್ತವನು ವಿಧವೆಯೊಬ್ಬಳ ಒಬ್ಬನೇ ಮಗ. ಆಕೆ ಏನೂ ಬೇಡಿಕೊಂಡಿಲ್ಲ, ನಂಬಿಕೆ ತೋರಿಸಿಲ್ಲ, ಹರಕೆ ಹೊತ್ತಿಲ್ಲ. ಆಕೆಯನ್ನು ಕಂಡದ್ದಕ್ಕೇ ಯೇಸುವಿನ ಕರುಳು ಚುರ್ ಅನ್ನುತ್ತದೆ. ಯೋಹಾನನ ಹನ್ನೊಂದನೇ ಅಧ್ಯಾಯ ಇನ್ನೂ ವಿಚಿತ್ರ. ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿದೆ. ಯೇಸು ಅವನನ್ನು ಬದುಕಿಸೋಕೆ ಅಂತಲೇ ಬಂದಿದ್ದಾನೆ, ಆದರೂ ಅಳ್ತಾನೆ. ಇನ್ನೊಂದು ಗಳಿಗೆಗೆ ಎಬ್ಬಿಸೋನು ಯಾಕೆ ಅಳಬೇಕು? ಅತ್ತ ಅಕ್ಕತಂಗಿಯರ ದುಃಖ ಆ ಗಳಿಗೆಯಲ್ಲಿ ಸುಳ್ಳಲ್ಲವಲ್ಲ, ಅದಕ್ಕೆ ಅಂತ ಅನೇಕರು ಉತ್ತರ ಕೊಡ್ತಾರೆ.

ಆಮೇಲೆ ಬರೋದು ಗೆತ್ಸೆಮನೆ ತೋಟದ ರಾತ್ರಿ. ಮರುದಿನ ಸಾವಿದೆ ಅಂತ ಗೊತ್ತು. "ಸ್ವಲ್ಪ ಹೊತ್ತು ನನ್ನ ಜೊತೆ ಎಚ್ಚರ ಇರ್ರಿ" ಅನ್ನೋ ಅರ್ಥದಲ್ಲಿ ಗೆಳೆಯರನ್ನ ಕೇಳ್ತಾನೆ. ಅವರು ನಿದ್ದೆ ಹೋಗ್ತಾರೆ. ಸಾಧ್ಯವಾದರೆ ಇದು ತಪ್ಪಲಿ ಅಂತ ದೇವರನ್ನೂ ಬೇಡ್ತಾನೆ, ತಪ್ಪೋದಿಲ್ಲ. ರಾತ್ರಿ ಎರಡು ಗಂಟೆಗೆ ಯಾರೂ ಫೋನ್ ಎತ್ತದೆ ಒಬ್ಬರೇ ಕೂತವರಿಗೆ ಈ ಭಾಗ ಬಿಡಿಸಿ ಹೇಳಬೇಕಾಗಿಲ್ಲ.

ಬೈಬಲ್‌ನ 'ಇಬ್ರಿಯರಿಗೆ' ಅನ್ನೋ ಪತ್ರ ಇದನ್ನೆಲ್ಲ ಒಂದು ವಾದವಾಗಿ ಕಟ್ಟುತ್ತದೆ. ಯೆಹೂದ್ಯರ ದೇವಾಲಯದಲ್ಲಿ ಮಹಾಯಾಜಕ ವರ್ಷಕ್ಕೊಂದು ದಿನ ಜನರ ಪರವಾಗಿ ಒಳಗಿನ ಕೋಣೆಗೆ ಹೋಗ್ತಿದ್ದ. ಯೇಸುವೂ ಅಂಥ ಯಾಜಕ, ಆದರೆ ನಮ್ಮ ಹಾಗೇ ಎಲ್ಲ ಪರೀಕ್ಷೆಗೆ ಒಳಗಾದವನು, ಪಾಪ ಮಾತ್ರ ಮಾಡದವನು ಅಂತ ಪತ್ರ ಹೇಳ್ತದೆ. ಅಂದರೆ ಅವನ ಮುಂದೆ ಹೋಗೋಕೆ ಅಂಜಿಕೆ ಬೇಡ, ಸೋತ ಮುಖ ಇಟ್ಕೊಂಡೇ ಹೋಗಬಹುದು.

ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ದೈವಕ್ಕೆ ನೋವು ತಟ್ಟೋದಿಲ್ಲ, ತಟ್ಟಿದರೆ ಅದು ದೈವವೇ ಅಲ್ಲ ಅನ್ನೋದು ಗ್ರೀಕ್ ಚಿಂತಕರಲ್ಲಿ ಬಲವಾಗಿದ್ದ ನಿಲುವು. ಈ ಜಗ್ಗಾಟ ಶತಮಾನಗಟ್ಟಲೆ ನಡೀತು. 451ರಲ್ಲಿ ಖಾಲ್ಸೆಡನ್ ಸಭೆ, ಯೇಸು ಪೂರ್ತಿ ದೇವರೂ ಹೌದು, ಪೂರ್ತಿ ಮನುಷ್ಯನೂ ಹೌದು ಅಂತ ತೀರ್ಮಾನಿಸಿತು. ಅರ್ಧರ್ಧ ಅಲ್ಲ, ಎರಡೂ ಪೂರ್ತಿ.

ನಮ್ಮ ಊರಿಗೆ ಬರೋಣ. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಬಂದಿದ್ದು ಮತಪ್ರಚಾರಕ್ಕೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಈ ನೊಂದ ದೇವರ ಕಥೆಯನ್ನು ಪುರಾಣ ಕೇಳಿ ಬೆಳೆದ ಮಂದಿಗೆ ಹೇಳೋದು ಹೆಂಗ? 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಅವರನ್ನು ನಾವು 1894ರ ನಿಘಂಟಿನಿಂದ ಬಲ್ಲೆವು, ಧಾರವಾಡದ ಕಿಟೆಲ್ ಕಾಲೇಜಿನಿಂದಲೂ ಬಲ್ಲೆವು. ಅದೇ ಕಿಟೆಲ್ 1862ರಲ್ಲಿ 'ಕಥಾಮಾಲೆ' ಅಂತ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಬರೆದರು. ನಿಘಂಟಿನ ಎದುರು ಈ ಪುಸ್ತಕವನ್ನು ಯಾರೂ ನೆನೆಯೋದಿಲ್ಲ. ನನಗೆ ಮಾತ್ರ ಇದೇ ಕುತೂಹಲದ ಕೆಲಸ ಅನ್ನಿಸ್ತದೆ. ಕರುಳಿನ ಸಂಗತಿ ಪಾಠ ಮಾಡಿದ್ರೆ ಮುಟ್ಟೋದಿಲ್ಲ, ಹಾಡಿನಲ್ಲಿ ಬಂದ್ರೆ ಮುಟ್ಟೀತು.

ಈಗ ಕಷ್ಟದ ಪ್ರಶ್ನೆ. ಅರ್ಥ ಮಾಡ್ಕೊಂಡ್ರ ಏನ್ ಬಂತ್ರೀ, ನೋವು ಹೋಗ್ತದೇನು? ಹೋಗೋದಿಲ್ಲ. ಜರ್ಮನಿಯ ಯುರ್ಗೆನ್ ಮೋಲ್ಟ್‌ಮನ್‌ಗೆ 1943ರಲ್ಲಿ ಇನ್ನೂ ಹದಿನೇಳು ವಯಸ್ಸು. ಹ್ಯಾಂಬರ್ಗ್ ಮೇಲೆ ಬಾಂಬ್ ಬಿದ್ದಾಗ ಪಕ್ಕದಲ್ಲಿದ್ದ ಗೆಳೆಯ ಸತ್ತ, ಇವನು ಉಳಿದ. ಮುಂದೆ ಸ್ಕಾಟ್ಲೆಂಡಿನ ಯುದ್ಧಕೈದಿಗಳ ಶಿಬಿರದಲ್ಲಿ ಒಂದು ಬೈಬಲ್ ಸಿಕ್ಕಿತು. ದೇವರು ನನ್ನ ಕೈಬಿಟ್ಟ ಅಂತ ಶಿಲುಬೆಯ ಮೇಲಿಂದ ಯೇಸು ಕೂಗೋ ಜಾಗ ಓದಿದಾಗ, ನನ್ನ ಸ್ಥಿತಿ ಬಲ್ಲವನು ಇವನೇ ಅಂತ ಅನ್ನಿಸಿತಂತೆ. 1972ರಲ್ಲಿ ಬಂದ ಅವರ 'ದ ಕ್ರೂಸಿಫೈಡ್ ಗಾಡ್' ಪುಸ್ತಕ ಇನ್ನೊಂದು ಹೆಜ್ಜೆ ಮುಂದೆ ಹೋಗ್ತದೆ: ಶಿಲುಬೆಯಲ್ಲಿ ನೊಂದವನು ಮಗ ಒಬ್ಬನೇ ಅಲ್ಲ, ಮಗನನ್ನು ಕಳಕೊಂಡ ತಂದೆಯೂ ನೊಂದ. ಇದನ್ನು ಒಪ್ಪದ ಕ್ರೈಸ್ತ ಪಂಡಿತರೂ ಇದ್ದಾರೆ. ಮುಳುಗೋನನ್ನ ಎತ್ತೋನು ದಡದ ಮೇಲೆ ಗಟ್ಟಿಯಾಗಿ ನಿಂತಿರಬೇಕಲ್ಲ ಅನ್ನೋದು ಅವರ ತಕರಾರು. ಅದೂ ತಳ್ಳಿಹಾಕೋ ಮಾತಲ್ಲ.

ನಮ್ಮ ಅವಳಿ ನಗರದ ಸಿಎಸ್‌ಐ ಚರ್ಚ್‌ಗಳಲ್ಲಿ ಶುಭ ಶುಕ್ರವಾರದ ಆರಾಧನೆ ಉದ್ದ ಇರ್ತದೆ. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳನ್ನ ಒಂದೊಂದಾಗಿ ಓದಿ ಧ್ಯಾನಿಸ್ತಾರೆ. ನಾಲ್ಕನೆಯದೇ ಆ ಕೂಗು. ಅದಕ್ಕೆ ಬೈಬಲ್‌ನಲ್ಲಿ ಆಗ ಉತ್ತರ ಬರೋದಿಲ್ಲ, ಐದನೇ ಮಾತು ಬಾಯಾರಿಕೆಯದು.